ಲಭ್ಯವಿಲ್ಲದ ಪಕ್ಷದಲ್ಲಿ

ಜ್ವರ ಬರಲಿ ಎಂದು ಅವನು ಒಂದು ವಾರದಿಂದ ಕಾಯುತ್ತಿದ್ದ. ಬರಲಿಲ್ಲ. ತಲೆಗೆ ತಣ್ಣೀರು ಸುರಿದುಕೊಂಡು ಫ್ಯಾನಿನ ಕೆಳಗೆ ಮಲಗಿದ್ದಾಯಿತು, ಪಕ್ಕದ ಮೇಜಿನವನು ಕೆಮ್ಮುತ್ತಿದ್ದಾಗ ಬೇಕೆಂದೇ ಹತ್ತಿರ ಹೋಗಿ ಕೂತಿದ್ದಾಯಿತು; ಬೆಳಿಗ್ಗೆ ಎದ್ದರೆ ಮೈ ಗುಂಡುಕಲ್ಲಿನ ಹಾಗಿತ್ತು. ಸ್ಕೂಲಿಗೆ ಚಕ್ಕರ್ ಹೊಡೆಯಲು ಹುಡುಗರು ಹೂಡುವ ಆಟವನ್ನು ಐವತ್ತರ ಹತ್ತಿರದ ಗಂಡಸು, ಅದೂ ಕಾನೂನು ಇಲಾಖೆಯಲ್ಲಿ ಕೂತು ಮಸೂದೆಗಳ ಕರಡು ಬರೆಯುವ ಅಧಿಕಾರಿ ಹೂಡುವುದು ನಾಚಿಕೆಗೇಡು ಎಂದು ಅವನಿಗೂ ಗೊತ್ತಿತ್ತು. ಆದರೂ ಕನ್ನಡಿಯ ಮುಂದೆ ನಿಂತು ನಾಲಗೆ ಚಾಚಿ ನೋಡಿಕೊಂಡ. ನಾಲಗೆ ಕೆಂಪಗೆ, ಆರೋಗ್ಯವಾಗಿ, ಯಾರ ಹಂಗೂ ಇಲ್ಲದ ಹಾಗೆ ಇತ್ತು. ಹೆಂಡತಿ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕುತ್ತಾ, “ಈಗ್ಲಾದ್ರೂ ಅಕ್ಕನಿಗೆ ಒಂದು ಫೋನ್ ಮಾಡಿ ಹೇಳಿಬಿಡಿ” ಎಂದಳು. “ಏನಂತ ಹೇಳ್ಲಿ?” “ಇವತ್ತು ಸಮಿತೀಲಿ ನಾನೂ ಅಲ್ಲೇ ಇರ್ತೀನಿ ಅಂತ. ಅಷ್ಟೇ. ಉಳಿದದ್ದು ಆಮೇಲೆ.” “ನೋಡೋಣ” ಎಂದ. ಆ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು.

ಬಸ್ಸಿನಲ್ಲಿ ಅವನಿಗೆ ಎದುರಾಗಿ ಕೂತಿದ್ದ ಹುಡುಗಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಏನನ್ನೋ ಕೇಳುತ್ತಿದ್ದಳು. ಕೇಳುವವರ ಮುಖ ಹೀಗೇ ಆಗುತ್ತದೆ. ಹುಬ್ಬು ಮೇಲೇರಿ, ಬಾಯಿ ಅರೆತೆರೆದು, ಯಾರೋ ಗುಟ್ಟು ಹೇಳುತ್ತಿರುವ ಹಾಗೆ. ಅಕ್ಕನ ಮುಖವನ್ನು ಅವನು ಹೀಗೆ ಎಷ್ಟು ವರ್ಷ ನೋಡಿರಬಹುದು. ಅವಳಿಗೆ ಕಣ್ಣು ಹೋದಾಗ ಅವನಿನ್ನೂ ತೊಟ್ಟಿಲಿನಲ್ಲಿದ್ದನಂತೆ, ಹಾಗಾಗಿ ಅವನ ಪಾಲಿಗೆ ಅಕ್ಕ ಎಂದರೆ ಮೊದಲಿನಿಂದಲೂ ಕಾಣದವಳೇ. ಓದಲು ಕಲಿತ ದಿನದಿಂದ ಅವನು ಅವಳ ಕಣ್ಣಾದ. ಹಾಗೆಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ನಮ್ಮ ಹುಡುಗ ಅವಳ ಕಣ್ಣು ಅಂತ; ಅವರು ಅವನ ತಲೆ ಸವರಿ ಹೋಗುತ್ತಿದ್ದರು, ಅವನಿಗೆ ಮಾತ್ರ ಆ ಹೊತ್ತಿಗೆ ಹೊರಗೆ ಚೆಂಡಾಟದ ಗದ್ದಲ ಕೇಳುತ್ತಿತ್ತು. ಅವಳ ಪಾಠದ ಪುಸ್ತಕ, ಆಮೇಲೆ ಕತೆ, ಕಾದಂಬರಿ, ಪೇಪರು, ಔಷಧಿ ಡಬ್ಬಿಯ ಮೇಲಿನ ಬರಹ. ಅವನು ಕಾನೂನು ಓದುವಾಗಲೂ ಎಲ್ಲವನ್ನೂ ಅವಳೆದುರು ಗಟ್ಟಿಯಾಗಿ ಓದಿದ, ಅವಳು ಒಮ್ಮೆ ಕೇಳಿ ಮನಸ್ಸಿನಲ್ಲಿಟ್ಟುಕೊಂಡು ಪರೀಕ್ಷೆಯ ಹಿಂದಿನ ದಿನ ಅವನಿಗೇ ತಿರುಗಿ ಹೇಳಿಕೊಟ್ಟಳು. ಅವನ ಡಿಗ್ರಿಯಲ್ಲಿ ಅರ್ಧ ಅವಳದು ಎಂದು ಎಲ್ಲರೂ ಹೇಳುತ್ತಿದ್ದರು, ಅವನೂ ನಗುತ್ತಾ ಹೌದೌದು ಅನ್ನುತ್ತಿದ್ದ. ನಗುವಾಗ ಹಲ್ಲು ಕಚ್ಚಿಕೊಂಡಿರುತ್ತಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ.

ಹುಡುಗಿ ಇಳಿದುಹೋದಳು. ಅವಳ ಜಾಗಕ್ಕೆ ಬಂದವನು ಅವನ ಕಾಲು ತುಳಿದು ಸಾರಿ ಎಂದ.

ಅಕ್ಕನ ಲೈಬ್ರರಿ ಶುರುವಾಗಿದ್ದು ಅವನು ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದ ಮೇಲೆ. ಓದಿ ಹೇಳುವವನು ಹೋದನಲ್ಲ, ಅವಳು ಅಳುತ್ತಾ ಕೂರಲಿಲ್ಲ; ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು, ಗೋಡೆಗೆ ಹಳೇ ಕಂಬಳಿ ಹೊಡೆಸಿ, ಒಂದು ಮೈಕು ಇಟ್ಟು, ನಿವೃತ್ತ ಕಂಡಕ್ಟರೊಬ್ಬನನ್ನೂ ನರ್ಸೊಬ್ಬಳನ್ನೂ ಕಾಲೇಜು ಹುಡುಗಿಯರನ್ನೂ ಕರೆತಂದು ಕೂರಿಸಿ ಪುಸ್ತಕ ಓದಿಸಿದಳು. ಓದಿದ್ದೆಲ್ಲ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಕಣ್ಣಿಲ್ಲದವರ ಫೋನಿಗೆ ಹೋಗುತ್ತಿತ್ತು. ಹಳೇ ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಈಗ ಪುಸ್ತಕವೆಂದರೆ ಕಾಗದವಲ್ಲ, ಎಲ್ಲಿಂದ ಎಲ್ಲಿಗೋ ಕ್ಷಣದಲ್ಲಿ ಹಾರುವ ವಸ್ತು, ಹಳೇ ಕಾನೂನು ಸಾಲದು ಎಂದು ಕೃತಿಸ್ವಾಮ್ಯದ ಹೊಸ ಮಸೂದೆ ಬಂದಾಗ ಅದರ ಕರಡು ಬರೆಯುವ ಕೆಲಸ ಅವನ ಮೇಜಿಗೇ ಬಂತು. ಈ ಮಸೂದೆಯಿಂದ ಲಾಭ ನಷ್ಟ ಆಗುವ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು ಕಾರ್ಯದರ್ಶಿ ಪದ್ಧತಿಯಂತೆ ಕೇಳಿದರು. ಇದ್ದಾರೆ ಎಂದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಇಲ್ಲ ಸರ್ ಎಂದ. ಅಕ್ಕನ ಹೆಸರಿನ ಹಿಂದೆ ಈಗ ಭಾವನ ಮನೆತನದ ಹೆಸರಿತ್ತು, ಯಾರಿಗೂ ತಿಳಿಯುವ ಹಾಗಿರಲಿಲ್ಲ. ಸುಳ್ಳು ಹೇಳಿದ್ದು ಅವಳಿಗಾಗಿ. ಅವಳಿಗೂ ಗುಟ್ಟು ಬಿಡದೆ, ಈ ವರ್ಷವೆಲ್ಲ ಬಂದರು ಕಾನೂನು ಬರೆಯುತ್ತಿದ್ದೇನೆ, ಹಡಗು, ಕ್ರೇನು, ತಲೆನೋವು ಎಂದು ಹೇಳಿದ್ದ. ಮಸೂದೆ ಪಾಸಾದ ಮೇಲೆ ಒಂದು ದಿನ ಅವಳ ಮನೆಗೆ ಹೋಗಿ, ಕೇಳು ಅಕ್ಕ, ಇದನ್ನು ನಾನು ಬರೆದೆ ಎಂದು ಓದಿ ಹೇಳಬೇಕೆಂಬ ಆಸೆ. ಕಣ್ಣಿಲ್ಲದವರಿಗಾಗಿ ಯಾವ ಪುಸ್ತಕವನ್ನಾದರೂ ಓದಿ ಧ್ವನಿಮುದ್ರಿಸಬಹುದು ಎಂಬ ಕಲಮನ್ನು ಅವನು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದ. ಒಮ್ಮೆ ಕೇಳಿದರೆ ಅರ್ಥವಾಗಬೇಕು, ಹಾಗಿತ್ತು. ಕರಡು ಪ್ರಕಟವಾದಾಗ ಅಕ್ಕ ಫೋನಿನಲ್ಲಿ, “ಯಾವ ಪುಣ್ಯಾತ್ಮ ಬರೆದನೋ, ಒಂದು ಮಾತಿಗೂ ಎಡವಲಿಲ್ಲ ನೋಡು” ಎಂದಿದ್ದಳು. ಆ ಒಂದು ದಿನ ಅವನು ಸುಖವಾಗಿದ್ದ.

ಆಮೇಲೆ ಕಾರ್ಯದರ್ಶಿ ಒಳಗೆ ಕರೆದರು. “ಒಂದೇ ಒಂದು ಸಣ್ಣ ಮಾತು ಸೇರಿಸಿಬಿಡಿ. ಪ್ರಕಾಶಕರು ತಲೆ ತಿಂತಿದಾರೆ, ಮಂತ್ರಿಗಳಿಗೂ ಅದೇ ಬೇಕಂತೆ.” ಸಣ್ಣ ಮಾತು ಇಷ್ಟೇ: ಕೃತಿಯು ಶ್ರವ್ಯ ರೂಪದಲ್ಲಿ ಮಾರುಕಟ್ಟೆಯಲ್ಲಿ ಲಭ್ಯವಿಲ್ಲದ ಪಕ್ಷದಲ್ಲಿ ಮಾತ್ರ. ಅವನು, “ಸರ್, ಇದು ಬಂದ್ರೆ ಅಂಧರ ಲೈಬ್ರರಿಗಳು ಬಾಗಿಲು ಹಾಕ್ಕೋಬೇಕಾಗುತ್ತೆ” ಎಂದ. “ಯಾಕ್ರೀ? ಕಂಪನಿಯೋರು ಎಲ್ಲಾ ಪುಸ್ತಕಾನೂ ಯಂತ್ರದ ದನೀಲಿ ಹಾಕ್ತಾರಂತಲ್ಲ. ಕೊಂಡ್ಕೊಂಡು ಕೇಳ್ಲಿ.” “ಯಂತ್ರ ಓದಿದ್ದೂ ಲಭ್ಯ ಅಂತಾಗುತ್ತೆ ಸರ್. ಕಂಪನಿಯೋರು ಒಂದು ಗುಂಡಿ ಒತ್ತಿದ್ರೆ ಸಾಕು, ಇವರ ಹತ್ರ ಇರೋದೆಲ್ಲ ಕಳ್ಳಮಾಲಾಗಿಬಿಡುತ್ತೆ.” ಕಾರ್ಯದರ್ಶಿ ಕನ್ನಡಕ ತೆಗೆದು ಅವನನ್ನೇ ನೋಡಿದರು. “ನಿಮಗ್ಯಾಕೆ ಇಷ್ಟೊಂದು ಉರಿ? ನಿಮ್ಮೋರು ಯಾರಾದ್ರೂ ಇದಾರಾ ಅದ್ರಲ್ಲಿ?” ಅವನು ನಕ್ಕ. ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಹಲ್ಲುಗಿಂಜುವುದು ಎನ್ನುತ್ತಾರಲ್ಲ, ಅದು. “ಛೆ ಛೆ, ಇಲ್ಲ ಸರ್, ಸುಮ್ನೆ ಹೇಳಿದೆ.” ಕೋಣೆಗೆ ಬಂದು ಆ ಮಾತನ್ನು ಸೇರಿಸಿದ. ಅದೇ ಮಸೂದೆಯ ಇನ್ನೊಂದು ಕಲಮಿನಲ್ಲಿ, ಯಂತ್ರಗಳಿಗೆ ಕಲಿಸುವ ಸಲುವಾಗಿ ಕಂಪನಿಗಳು ಯಾವ ಪುಸ್ತಕವನ್ನಾದರೂ ಯಾರನ್ನೂ ಕೇಳದೆ ನಕಲು ಮಾಡಿಕೊಳ್ಳಬಹುದು ಎಂದು ಅವನೇ ಬರೆದಿದ್ದ. ಕಣ್ಣಿಲ್ಲದ ಯಂತ್ರ ಎಲ್ಲವನ್ನೂ ಪುಕ್ಕಟೆ ಓದಬಹುದು, ಕಣ್ಣಿಲ್ಲದ ಅಕ್ಕ ಓದುವಂತಿಲ್ಲ. ಇದು ಅವನಿಗೆ ಹೊಳೆಯಲಿಲ್ಲ ಎಂದಲ್ಲ. ಹೊಳೆದು, ಊಟದ ಹೊತ್ತಾಯಿತೆಂದು ಕ್ಯಾಂಟೀನಿಗೆ ಹೋದ. ಅದಕ್ಕಿಂತ ಕೆಟ್ಟದ್ದೊಂದಿತ್ತು. ಆ ಮಾತು ಸೇರಿಸಿದ ಗಳಿಗೆಯಲ್ಲಿ, ಎಲ್ಲೋ ಹೊಟ್ಟೆಯ ತಳದಲ್ಲಿ, ಅವನಿಗೆ ಹಗುರಾಗಿತ್ತು. ಓದಿ ಓದಿ ಗಂಟಲು ಕಟ್ಟಿದ ಹುಡುಗ ಪುಸ್ತಕ ಮುಚ್ಚಿ ಎದ್ದು ಆಟಕ್ಕೆ ಓಡಿದ ಹಾಗೆ. ಇದನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ, ತನಗೂ ಹೇಳಿಕೊಳ್ಳದೆ ಇರುವುದೇ ವಾಸಿಯಾಗಿತ್ತು.

ಮಸೂದೆಯ ಬಗ್ಗೆ ಅಹವಾಲು ಕೇಳುವ ಸದನ ಸಮಿತಿಯ ಕೋಣೆಯಲ್ಲಿ ಏಸಿ ಹೆಚ್ಚಾಗಿತ್ತು. ಉದ್ದನೆಯ ಮೇಜು, ಒಂದು ತುದಿಗೆ ಅಧ್ಯಕ್ಷರು, ಎರಡು ಬದಿಗೆ ಸದಸ್ಯರು, ಇನ್ನೊಂದು ತುದಿಗೆ ಸಾಕ್ಷಿ ಹೇಳುವವರ ಕುರ್ಚಿ. ಅಧಿಕಾರಿಗಳಿಗೆ ಗೋಡೆಯ ಸಾಲು. ಗೋಡೆಯ ಸಾಲಿನವರು ಅಧ್ಯಕ್ಷರು ಕೇಳಿದರೆ ಮಾತ್ರ ಬಾಯಿ ಬಿಡಬೇಕು. ಈ ಪದ್ಧತಿಯನ್ನು ಅವನು ಯಾವತ್ತೂ ಇಷ್ಟಪಟ್ಟಿದ್ದ. ನಾವು ಬಡಗಿಗಳು, ಬಾಗಿಲು ಮಾಡಿಕೊಡುವುದು ನಮ್ಮ ಕೆಲಸ, ಒಳಗೆ ಯಾರನ್ನು ಬಿಡಬೇಕೆಂಬುದು ಮನೆಯವರಿಗೆ ಬಿಟ್ಟದ್ದು ಎಂದು ಹೊಸದಾಗಿ ಸೇರಿದವರಿಗೆ ಹೇಳಿ ನಗಿಸುತ್ತಿದ್ದ. ಬೆನ್ನ ಹಿಂದೆ ಅವರು ಅವನನ್ನೇ ಬಡಗಿ ಎಂದು ಕರೆಯುತ್ತಿದ್ದರು. ಇವತ್ತು ಮೊದಲು ಮಾತಾಡಿದ್ದು ಪ್ರಕಾಶಕರ ಸಂಘದವನು. ಇಲಾಖೆಯಲ್ಲಿ ಅವನಿಗೆ ಜೇನುದನಿ ಎಂದು ಹೆಸರು. ಕಣ್ಣಿಲ್ಲದ ಓದುಗರು ನಮ್ಮ ಮನೆಯವರೇ ಎಂದ. ಅವರಿಗೆ ಪುಸ್ತಕ ಬೇಡವೆನ್ನಲು ನಾವೇನು ಕಟುಕರೇ ಎಂದ. ಆದರೆ ಅವರ ಹೆಸರಿನಲ್ಲಿ ಮಾಡಿದ ಧ್ವನಿಮುದ್ರಣ ಹೊರಗೆ ಸೋರಿ ಕಣ್ಣಿದ್ದವರೆಲ್ಲ ಪುಕ್ಕಟೆ ಕೇಳಿದರೆ ಬಡ ಲೇಖಕ ಎಲ್ಲಿಗೆ ಹೋಗಬೇಕು ಎಂದು ಗದ್ಗದಿತನಾದ. ಅವನ ಪಕ್ಕ ಬಡ ಲೇಖಕನೆಂದು ಕರೆತಂದು ಕೂರಿಸಿದ್ದ ಮುದಿ ಕಾದಂಬರಿಕಾರ ಕೋಟಿನೊಳಗೆ ಮುದುಡಿಕೊಂಡು, ಏಸಿ ಕಮ್ಮಿ ಮಾಡಬಹುದೇ ಎಂದು ಎರಡು ಸಲ ಕೇಳಿದ. ಯಾರೂ ಮಾಡಲಿಲ್ಲ.

ಆಮೇಲೆ ಬಾಗಿಲು ತೆರೆದು ಅಟೆಂಡರ್ ಅಕ್ಕನ ಹೆಸರು ಕೂಗಿದ. ಅವಳು ಹೊಸ್ತಿಲಲ್ಲಿ ನಿಂತಿದ್ದಳು, ಬಿಳಿ ಕೋಲು, ಒಗೆದು ಒಗೆದು ಮೆತ್ತಗಾದ ಆ ನೀಲಿ ಸೀರೆ. ಜೊತೆಗಿದ್ದ ಮಾಜಿ ಕಂಡಕ್ಟರನನ್ನು ಸಾಕ್ಷಿಯೊಬ್ಬರಿಗೇ ಪ್ರವೇಶವೆಂದು ಹೊರಗೇ ನಿಲ್ಲಿಸಿದ್ದರು. ಮಸೂದೆಯಲ್ಲಿ ಏನೋ ಹೊಸದು ತುರುಕಿದ್ದಾರೆಂಬ ಗುಲ್ಲು ಅವಳ ಕಿವಿಗೂ ಬಿದ್ದಿತ್ತು. ತುರುಕಿದ ಮಾತು ಸದಸ್ಯರ ಕೈಗೆ ಮಾತ್ರ ಹೋಗಿತ್ತು, ಹೊರಗಿನವರಿಗೆ ಸಿಕ್ಕಿರಲಿಲ್ಲ. ಅವಳು ಮಾತಿಗೆ ನಿಂತರೆ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಒಮ್ಮೆ ರಸ್ತೆ ದಾಟಿಸುವ ವಿಚಾರಕ್ಕೆ ನಗರಸಭೆಯ ಕಮಿಷನರನಿಗೇ ಬೆವರಿಳಿಸಿದವಳು. ಬೆವರಿಳಿಸಲಿ, ಅವನು ಗೋಡೆಗೆ ಬೆನ್ನೊತ್ತಿಕೊಂಡು ಅಂದುಕೊಂಡ, ಆ ಮಾತು ಏನೆಂದು ಅವಳೇ ಕೇಳಿ ಬಯಲಿಗೆಳೆಯಲಿ, ಸದಸ್ಯರು ಗಾಬರಿಯಾಗಿ ಕಿತ್ತುಹಾಕಲಿ, ನಾನು ಬಾಯಿ ಬಿಡದೆ ಎಲ್ಲ ಸರಿಹೋಗಲಿ. ಅಷ್ಟರಲ್ಲಿ ಮುಂದೆ ಕೂತಿದ್ದ ಕಾರ್ಯದರ್ಶಿ ತಿರುಗಿ ಪಿಸುಗುಟ್ಟಿದರು, “ನೋಡ್ತಾ ಕೂತ್ರಲ್ಲ, ಆಯಮ್ಮನ್ನ ಕರ್ಕೊಂಡ್ಬಂದು ಕೂರಿಸಿ.”

ಅವನು ಎದ್ದ. ಕೋಣೆ ದಾಟಿದ. ಒಂದು ಮಾತೂ ಆಡದೆ ಅವಳ ಕೈಹಿಂಬದಿಗೆ ತನ್ನ ಕೈ ತಾಗಿಸಿದ. ಅವಳು ಬೇರೆಯವರ ಜೊತೆ ಮಾಡುವಂತೆಯೇ ಕೈಯನ್ನು ಮೇಲಕ್ಕೆ ಸರಿಸಿ ಮೊಣಕೈ ಹಿಡಿದಳು. ಹಿಡಿದವಳು ನಿಂತಳು. ಯಾರಿಗೂ ಕಾಣಿಸದಷ್ಟು ಹೊತ್ತು, ಒಂದು ಉಸಿರಿನಷ್ಟು. ಆಮೇಲೆ ಅವಳ ಬೆರಳುಗಳು ಮೊಣಕೈಯನ್ನು ಒಮ್ಮೆ ಬಲವಾಗಿ ಒತ್ತಿದವು. ಮೇಜಿನವರೆಗೆ ನಡೆಸಿದ, ಕುರ್ಚಿ ಎಳೆದ, ಅವಳು ಕೂತು ಮುಖವೆತ್ತದೆ, “ಥ್ಯಾಂಕ್ಸ್ ಸರ್” ಎಂದಳು. ಅವನು ಗೋಡೆಯ ಸಾಲಿಗೆ ಮರಳಿದ. ಸರ್ ಎಂದಳಲ್ಲ. ತಿಳಿದುಹೋಯಿತು. ಹಡಗು, ಕ್ರೇನು, ಬಂದರು ಎಲ್ಲ ಒಂದೇ ಹಿಡಿತದಲ್ಲಿ ಗೊತ್ತಾಯಿತು. ಈಗ ಇಷ್ಟೂ ಜನರ ಮುಂದೆ ನನ್ನ ಮಾನ ಹರಾಜಿಗಿಡುತ್ತಾಳೆ, ಇಡಲಿ, ಇಡಬೇಕಾದ್ದೇ.

ಅವಳು ಇಡಲಿಲ್ಲ. ಲೈಬ್ರರಿಯ ಬಗ್ಗೆ ಹೇಳಿದಳು, ಯಾರು ಓದುತ್ತಾರೆ, ಯಾರು ಕೇಳುತ್ತಾರೆ, ಕಂಡಕ್ಟರ್ ಓದಿದ ಪತ್ತೇದಾರಿ ಕಾದಂಬರಿಯಲ್ಲಿ ಮಧ್ಯೆ ಮಧ್ಯೆ ರೈಟ್ ರೈಟ್ ಎಂದು ಬಂದುಬಿಡುತ್ತದೆ ಎಂದು ಸದಸ್ಯರನ್ನು ನಗಿಸಿದಳು. ಸೋರಿಕೆ ತಡೆಯಲು ತಾವು ಮಾಡಿಕೊಂಡ ಏರ್ಪಾಡು ವಿವರಿಸಿದಳು. ಮಾತು ಮೆತ್ತಗಿತ್ತು, ಮದುವೆ ಮನೆಗೆ ಕರೆಯಲು ಬಂದವಳ ಹಾಗೆ. ಅಧ್ಯಕ್ಷರೇ ಬೇಸತ್ತು, “ಅಲ್ಲಮ್ಮಾ, ಹೊಸ ತಿದ್ದುಪಡಿಗೆ ನಿಮ್ಮ ಆಕ್ಷೇಪ ಏನು ಅಂತ ಹೇಳಿ. ಭಾರೀ ವಿರೋಧ ಇದೆ ಅಂತ ಬರೆದು ಕಳಿಸಿದ್ರಲ್ಲ” ಎಂದರು. ಅವಳು, “ಬರೆಯೋವಾಗ ಭಯ ಇತ್ತು ಸರ್. ಕಾನೂನು ಬರೆಯೋರು ನಮ್ಮಂಥೋರನ್ನ ಮನಸ್ಸಲ್ಲಿಟ್ಕೊಂಡೇ ಬರೆದಿರ್ತಾರೆ ಅಂತ ಈಗ ನಂಬಿಕೆ ಬಂದಿದೆ” ಎಂದಳು. ಜೇನುದನಿ ಮುಗುಳ್ನಕ್ಕು ತಲೆದೂಗಿದ. ಗೋಡೆಯ ಬಳಿ ಅವನ ಕಿವಿ ಬಿಸಿಯಾಯಿತು. ಇದು ವ್ಯಂಗ್ಯ, ಎಣ್ಣೆಯಲ್ಲಿ ಅದ್ದಿದ ಚಾಟಿ, ಅವಳಿಗೆ ಚೆನ್ನಾಗಿ ಬರುವ ವಿದ್ಯೆ ಎಂದುಕೊಂಡ. ಅಧ್ಯಕ್ಷರು ಗೋಡೆಯ ಸಾಲಿನತ್ತ ಬೆರಳು ಮಾಡಿದರು. “ಕರಡು ಬರೆದೋರು ಯಾರು, ನೀವೇ ತಾನೆ? ಹೇಳಿ. ಈಯಮ್ಮ ಈ ಕೆಲಸ ಮುಂದುವರಿಸಬಹುದೋ ಇಲ್ಲವೋ?”

ಎದ್ದು ನಿಂತ. ಕಾರ್ಯದರ್ಶಿಯ ಕತ್ತಿನ ಹಿಂಭಾಗ ಕಾಣುತ್ತಿತ್ತು, ಹೊಸದಾಗಿ ಕಟಿಂಗ್ ಮಾಡಿಸಿದ ಕತ್ತು. ಇಲ್ಲ ಎಂಬುದು ಉತ್ತರ. ಎರಡಕ್ಷರ. ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಿದರೆ ಸಾಕು. “ಷರತ್ತುಗಳಿಗೆ ಒಳಪಟ್ಟು ಮುಂದುವರಿಸಬಹುದು ಸರ್” ಎಂದ. ಪ್ರತಿಯೊಂದು ಪದವೂ ನಿಜವಾಗಿತ್ತು. ಇಪ್ಪತ್ತು ವರ್ಷದ ಕಸುಬು ಬೇರೇನು ಕಲಿಸಿರುತ್ತದೆ. ಧ್ವನಿ ಮಾತ್ರ ತನಗೇ ಹೊಸದಾಗಿ ಕೇಳಿಸಿತು, ತೆಳ್ಳಗೆ, ಔಷಧಿ ಡಬ್ಬಿಯ ಬರಹ ಓದುತ್ತಿದ್ದ ಹುಡುಗನ ಧ್ವನಿಯಂತೆ. “ಕೇಳಿಸ್ಕೊಂಡ್ರಾ ತಾಯಿ? ಸಮಾಧಾನ ಆಯ್ತಾ?” ಎಂದರು ಅಧ್ಯಕ್ಷರು. ಅಕ್ಕ ಅವನಿದ್ದ ಕಡೆಗೆ ಸರಿಯಾಗಿ ಮುಖ ತಿರುಗಿಸಿ, “ಅವರು ಹೇಳಿದ ಮೇಲೆ ಆಯ್ತು ಸರ್” ಎಂದಳು. ಅಧ್ಯಕ್ಷರು ಹರ್ಷದಿಂದ ಮೇಜು ತಟ್ಟಿ, ಅಂಧರ ಪರವಾಗಿಯೂ ಒಪ್ಪಿಗೆ ಬಂತೆಂದು ಬರೆದುಕೊಳ್ಳಲು ಹೇಳಿದರು. ಕಾರ್ಯದರ್ಶಿ ಅರ್ಧ ತಿರುಗಿ, ಭೇಷ್ ಎನ್ನುವಂತೆ ಕಣ್ಣು ಮಿಟುಕಿಸಿ, ಹೊರಗೆ ಬಿಟ್ಟು ಬನ್ನಿ ಎಂದು ಸನ್ನೆ ಮಾಡಿದರು.

ಹೊರಗಿನ ಓಣಿಯಲ್ಲಿ ಉದ್ದಕ್ಕೂ ಕಬ್ಬಿಣದ ಬೀರುಗಳು, ಬೀರುಗಳ ಮೇಲೆ ಕಟ್ಟುಕಟ್ಟು ಫೈಲು. ಕಂಡಕ್ಟರ್ ಚಹಾ ಕುಡಿಯಲು ಹೋಗಿದ್ದನೆಂದು ಅಟೆಂಡರ್ ಹೇಳಿದ. ಬಾಗಿಲು ಮುಚ್ಚಿದ್ದೇ ತಡ ಅಕ್ಕ ಅವನ ಮೊಣಕೈಯನ್ನು ಚಿವುಟಿದಳು, ನೋಯುವಷ್ಟು. “ಕಳ್ಳ! ಬಂದರು ಅಂತೆ, ಹಡಗು ಅಂತೆ. ಎಷ್ಟು ಚೆನ್ನಾಗಿ ಕತೆ ಕಟ್ಟಿದ್ಯೋ!” ಅವಳ ಮುಖ ಅರಳಿತ್ತು. ಅವನು ಆ ಮುಖವನ್ನು ನಂಬಲಾರದೆ ನೋಡಿದ. ವ್ಯಂಗ್ಯ ಎಲ್ಲೂ ಇರಲಿಲ್ಲ. “ಹಾಗಾದ್ರೆ ಆ ಪುಣ್ಯಾತ್ಮ ನೀನೇನಾ? ಅವತ್ತೇ ಅನ್ನಿಸ್ಬೇಕಿತ್ತು ನನಗೆ. ನೋಡು, ಹೊಸದೇನೋ ತುರುಕಿದಾರೆ ಅಂತ ಕೇಳಿದಾಗಿಂದ ನನಗೆ ಅನ್ನ ಸೇರ್ತಿರಲಿಲ್ಲ. ಜಗಳಕ್ಕೆ ಅಂತಾನೇ ಬಂದಿದ್ದೆ. ಅದೇನು ಮಾತು, ಓದಿ ಹೇಳಿ, ಓದೋ ತನಕ ಈ ಕುರ್ಚಿ ಬಿಟ್ಟು ಏಳಲ್ಲ ಅನ್ಬೇಕು ಅಂತ ದಾರಿ ಉದ್ದಕ್ಕೂ ಬಾಯಿಪಾಠ ಮಾಡ್ಕೊಂಡ್ ಬಂದೆ. ಅಷ್ಟರಲ್ಲಿ ನಿನ್ನ ಕೈ ಸಿಕ್ತು.” ಅವಳು ಧ್ವನಿ ತಗ್ಗಿಸಿದಳು. “ಇವನು ಬರೀತಿದಾನೆ ಅಂದ್ರೆ ನಮ್ಮದನ್ನ ಎಲ್ಲೋ ಜೋಪಾನ ಮಾಡಿಟ್ಟಿರ್ತಾನೆ. ನಾನು ಹಾರಾಡಿದ್ರೆ ಅವರಿಗೆ ಅನುಮಾನ ಬಂದು ಇವನು ಮಾಡಿದ್ದೂ ಹಾಳಾಗುತ್ತೆ ಅಂತ ಬಾಯಿ ಹೊಲ್ಕೊಂಡೆ ಕಣೋ. ನನ್ನ ಜನ್ಮದಲ್ಲಿ ಇಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು. ಹೇಗಿತ್ತು? ಚೆನ್ನಾಗಿ ನಟಿಸಿದೆನಾ?”

“ಅಕ್ಕ.”

“ಈಗ ಹೇಳು, ಏನು ಷರತ್ತು? ಒಂದ್ಸಲ ಹೇಳು ಸಾಕು, ನೆನಪಿಟ್ಕೋತೀನಿ. ಅಲ್ಲಿ ಹುಡುಗೀರು ಫೋನ್ ಹಿಡ್ಕೊಂಡು ಕಾಯ್ತಾ ಕೂತಿದಾರೆ.”

ಅವನು ಹೇಳಿದ. ಹೇಳದೆ ಇರಬಹುದಿತ್ತು, ನಾಳೆ ಹೇಳಬಹುದಿತ್ತು, ಪೇಪರಿನಲ್ಲಿ ಬಂದಮೇಲೆ ಯಾರಾದರೂ ಓದಿ ಹೇಳಲೆಂದು ಬಿಡಬಹುದಿತ್ತು. ಆದರೆ ಅವಳು ಕತ್ತು ವಾಲಿಸಿ ಕಿವಿಯನ್ನು ಅವನ ಬಾಯಿಯತ್ತ ತಂದಿದ್ದಳು, ಆ ಕಿವಿಗೆ ಓದಿ ಅಭ್ಯಾಸವಾಗಿದ್ದ ನಾಲಗೆ ತಾನಾಗಿ ಓದಿತು, ಕಲಮನ್ನು ಮೊದಲಿನಿಂದ ಕೊನೆಯವರೆಗೆ, ಹೊಸ ಮಾತು ಸೇರಿದ ಮೇಲೆ ಮೊದಲ ಸಲ ಗಟ್ಟಿಯಾಗಿ. ಕೊನೆಯ ಮಾತಿಗೆ ಬಂದಾಗ ಅವಳ ಹುಬ್ಬುಗಳು ಹತ್ತಿರವಾದವು. “ಯಂತ್ರ ಓದಿದ್ರೂ ಲಭ್ಯ ಅಂತಾನೇನಾ?” ಎಂದಳು. “ಹೂಂ.” “ಎಷ್ಟೇ ದುಡ್ಡು ಹೇಳಿದ್ರೂ?” “ಹೂಂ.” “ಈಗಾಗ್ಲೇ ಓದಿಟ್ಟಿರೋದು?” ಒಳಗಿನಿಂದ ಯಾರೋ ನಗುತ್ತಿರುವುದು ಕೇಳಿಸಿತು. ಅವಳು ಮೊಣಕೈ ಬಿಟ್ಟಿರಲಿಲ್ಲ, ಬಿಡುವುದನ್ನು ಮರೆತಿದ್ದಳೋ ಏನೋ. “ಯಾರು ಹಾಕಿಸಿದ್ರು ಅಂತ ಕೇಳಲ್ಲ. ನಿನ್ನ ಕೈ ಕಟ್ಟಿಹಾಕಿರ್ತಾರೆ” ಎಂದಳು, ಅವನ ಪರವಾಗಿ ತಾನೇ ವಾದ ಹೂಡುವವಳಂತೆ, ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. “ಆದ್ರೆ ಹಾಗಿದ್ರೆ ನಾನು ಒಳಗೆ ಮಾತಾಡ್ಬೇಕಿತ್ತಲ್ಲೋ.”

“ಹೌದು.”

“ಇನ್ನೂ ಮುಗಿದಿಲ್ಲ. ಕೇಳಿಸ್ತಿದೆ ನನಗೆ, ಎಲ್ಲರೂ ಇದಾರೆ.” ಅವಳು ಬಾಗಿಲಿನ ಕಡೆ ತಿರುಗಿ ಕೋಲು ಸರಿಮಾಡಿಕೊಂಡಳು. ಆತುರದಲ್ಲಿ ಸೆರಗು ಜಾರಿದ್ದು ಗೊತ್ತಾಗಲಿಲ್ಲ ಅವಳಿಗೆ. “ಒಂದು ನಿಮಿಷ ಸಾಕು. ಒಪ್ಪಿಗೆ ಇಲ್ಲ ಅಂತ ಒಂದು ಮಾತು ಹೇಳಿ ಬಂದ್ಬಿಡ್ತೀನಿ. ಒಳಗೆ ಬಿಡಿಸು ನನ್ನ.” ಅಟೆಂಡರ್ ಸ್ಟೂಲಿನಿಂದ ಎದ್ದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಅವನತ್ತ ನೋಡಿದ. “ಬಿಡ್ಲಾ ಸಾರ್? ಅಧ್ಯಕ್ಷರು ಇವತ್ತು ಒಳ್ಳೆ ಖುಷೀಲಿದಾರೆ, ನೀವು ಹೂಂ ಅಂದ್ರೆ ಏನೂ ಅನ್ನಲ್ಲ.” ಬಾಗಿಲು ತೆರೆಯುವುದು, ಅವಳು ಒಳಗೆ ಹೋಗುವುದು, ಈಗ ತಾನೆ ಒಪ್ಪಿದವರು ಮತ್ತೆ ಯಾಕೆ ಬಂದಿರಿ ಎಂದು ಅಧ್ಯಕ್ಷರು ಕೇಳುವುದು, ಹೊರಗೆ ನನ್ನ ತಮ್ಮ ಓದಿ ಹೇಳಿದ ಎಂದು ಅವಳು ಸಹಜವಾಗಿ ಹೇಳಿಬಿಡುವುದು, ಆ ಹೊಸ ಕಟಿಂಗಿನ ಕತ್ತು ನಿಧಾನವಾಗಿ ಹಿಂದಕ್ಕೆ ತಿರುಗುವುದು, ಎಲ್ಲವನ್ನೂ ಅವನು ಅಲ್ಲೇ ನಿಂತು ನೋಡಿದ. ಇಷ್ಟು ವರ್ಷದ ಕೆಲಸ, ಮನೆಯ ಕಂತು, ಹೆಂಡತಿ ಇಸ್ತ್ರಿ ಮಾಡಿದ ಅಂಗಿ. ಬಾಯಿ ತೆರೆದರೆ ಯಾವ ಮಾತು ಬರುತ್ತದೋ ಅವನಿಗೇ ನಂಬಿಕೆಯಿರಲಿಲ್ಲ. ಅವನು ಅಟೆಂಡರನ ಕಡೆ ನೋಡಿ, ಸದ್ದಿಲ್ಲದೆ, ತಲೆಯನ್ನು ಅತ್ತಿತ್ತ ಆಡಿಸಿದ. ಒಂದು ಸಲ. ಅಟೆಂಡರನಿಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಸಲ.

ಅಕ್ಕ ಕಾಯುತ್ತಿದ್ದಳು. ಅವನು ಹೇಗೆ ಒಳಗೆ ಬಿಡಿಸುವುದೆಂದು ಯೋಚಿಸುತ್ತಿದ್ದಾನೆಂದುಕೊಂಡು, ಅವನಿಗೆ ತೊಂದರೆಯಾಗದಿರಲೆಂದು ಉಸಿರು ಬಿಗಿಹಿಡಿದು, ಮುಖವನ್ನು ಬಾಗಿಲಿಗೆ ನೆಟ್ಟು ಕಾಯುತ್ತಿದ್ದಳು. “ಏನಂದ್ಯೋ?” ಎಂದಳು. ಅವನು ಏನೂ ಅಂದಿರಲಿಲ್ಲ. ಅಟೆಂಡರ್ ಅವಳನ್ನೂ ಅವನನ್ನೂ ಒಮ್ಮೆ ನೋಡಿ, ಹಿಡಿಯ ಮೇಲಿನ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

“ಸಾರ್ ಬೇಡ ಅಂತ ತಲೆ ಅಲ್ಲಾಡಿಸ್ತಿದಾರಮ್ಮಾ” ಎಂದ.